ಬೆಚ್ಚಗಿನ ಇಟ್ಟಿಗೆ

ಇಟ್ಟಿಗೆ ಗೂಡಿನಲ್ಲಿ ಆಕೆಯನ್ನು ದೊಡ್ಡಮ್ಮ ಎಂದು ಕರೆಯದವರೇ ಇರಲಿಲ್ಲ. ಆಕೆಗಿಂತ ವಯಸ್ಸಿನಲ್ಲಿ ಹಿರಿಯನಾದ ಕಾವಲುಗಾರನೂ ಹಾಗೆಯೇ ಕರೆಯುತ್ತಿದ್ದ. "ಅಲ್ಲಯ್ಯ, ನಾನು ನಿನಗೆ ದೊಡ್ಡಮ್ಮ ಆದ್ರೆ ನಿಮ್ಮಮ್ಮನಿಗೆ ಅಕ್ಕ ಆಗ್ಬೇಕು. ಆ ಮುದುಕಿ ಕಿವಿಗೆ ಬಿದ್ರೆ ಕೋಲು ಹಿಡ್ಕೊಂಡು ಬರ್ತಾಳೆ ನೋಡು" ಎಂದು ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮುಂದಿನ ಹಲ್ಲುಗಳು ಬಿದ್ದುಹೋಗಿದ್ದುದೇ ಆ ಕೈ ಅಡ್ಡ ಬರಲು ಕಾರಣ.

ಹರೆಯದಿಂದಲೂ ಇಟ್ಟಿಗೆ ಹೊತ್ತ ತಲೆ ಅದು. ಕತ್ತಿನ ಮೂಳೆ ಸವೆದು, ಹೊರೆ ಹೊರಲು ಇನ್ನಾಗದು ಎಂದಾದಾಗ, ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಅವಳ ಪಾಲಿಗೆ ಬಂತು. ಗೂಡಿನ ಹಿಂಬದಿಯಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿದ ಒಂದು ಸೂರು. ಅದರಡಿ ಚಾಪೆ, ನೀರಿನ ಮಡಕೆ, ತೊಟ್ಟಿಲಿನಂತೆ ಕಟ್ಟಿದ ಹಳೆಯ ಬಟ್ಟೆ. ಬೆಳಕು ಹರಿಯುವ ಮುಂಚೆಯೇ ತಾಯಂದಿರು ಮಕ್ಕಳನ್ನು ಅಲ್ಲಿ ಇಳಿಸಿ, ಹಿಂದಿರುಗಿ ನೋಡದೆ ಮಣ್ಣಿನ ಕಡೆಗೆ ನಡೆದುಬಿಡುತ್ತಿದ್ದರು. ಹಿಂದಿರುಗಿ ನೋಡಿದರೆ ಮಗು ಅಳುತ್ತದೆ, ಅಷ್ಟೇ.

ಗೂಡಿನವರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಯೊಂದಿತ್ತು: ಮಣ್ಣಿನಲ್ಲಿ ಕೈಯಿಟ್ಟ ತಾಯಿಯನ್ನು ಕರೆಯಬಾರದು. ಕಲಸಿ ಹದಗೊಳಿಸಿದ ಮಣ್ಣನ್ನು ನಡುವೆ ಬಿಟ್ಟು ಎದ್ದರೆ ಬಿಸಿಲಿಗೆ ಬಿಗಿದುಕೊಳ್ಳುತ್ತದೆ. ಆಮೇಲೆ ಅಚ್ಚಿಗೆ ಹಾಕಿದ ಇಟ್ಟಿಗೆ ಬಿರುಕು ಬಿಡುತ್ತದೆ. ಬೆಳಗಿನಿಂದ ಪಟ್ಟ ಪಾಡೆಲ್ಲ ಮಣ್ಣುಪಾಲು. ಆದ್ದರಿಂದ ಮಗು ಬಿದ್ದರೂ, ಅತ್ತರೂ, ಜ್ವರ ಬಂದರೂ ದೊಡ್ಡಮ್ಮನೇ ಸಂಭಾಳಿಸಬೇಕು. ಅವಳು ಸಂಭಾಳಿಸುತ್ತಿದ್ದಳು, ಅದು ಅವಳ ಹೆಮ್ಮೆಯೂ ಆಗಿತ್ತು.

ಅವಳು ನಿಜವಾಗಿ ಹೆಸರುವಾಸಿಯಾಗಿದ್ದುದು ಚೇಳಿನ ವಿಚಾರದಲ್ಲಿ. ಒಟ್ಟಿದ ಇಟ್ಟಿಗೆಯ ಸಂದು, ಹುಲ್ಲಿನ ರಾಶಿ, ಒಡೆದ ಚೂರಿನ ಗುಡ್ಡೆ, ಎಲ್ಲೆಲ್ಲೂ ಚೇಳು. ಕುಟುಕಿಸಿಕೊಳ್ಳದವರು ಅಲ್ಲಿ ಯಾರೂ ಇಲ್ಲ. ಕುಟುಕಿದರೆ ನೇರವಾಗಿ ದೊಡ್ಡಮ್ಮನ ಬಳಿಗೆ. ಗೂಡಿನಿಂದ ಆಗತಾನೆ ತೆಗೆದ, ಕೈಗೆ ತಾಳುವಷ್ಟು ಬೆಚ್ಚಗಿರುವ ಇಟ್ಟಿಗೆಯನ್ನು ಅವಳು ಬಟ್ಟೆಯಲ್ಲಿ ಸುತ್ತಿ ಕುಟುಕಿದ ಜಾಗಕ್ಕೆ ಒತ್ತಿ ಹಿಡಿಯುತ್ತಿದ್ದಳು. ಒಂದು ಕೈಯಿಂದ ಕಾವು, ಇನ್ನೊಂದು ಕೈಯಿಂದ ಭುಜದಿಂದ ಕೆಳಗೆ ನೀವುವುದು, ಬಾಯಿಂದ ಏನಾದರೊಂದು ಮಾತು. "ಚೇಳಿಗೆ ಎಷ್ಟು ನೋವಾಗಿರ್ಬೇಕೋ ಪಾಪ, ನಿನ್ನಂಥ ಒರಟನ್ನ ಕುಟುಕಿ!" ನರಳುತ್ತಿದ್ದವನು ನಗುತ್ತಿದ್ದ. ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತಿತ್ತು. ಅವನು ಎದ್ದು ಕೆಲಸಕ್ಕೆ ಹೋಗುತ್ತಿದ್ದ. ಅಳು ನಿಂತರೆ ಚೇಳಿನ ಕಥೆ ಮುಗಿಯಿತು ಎಂಬುದು ಗೂಡಿನ ನಂಬಿಕೆ. ಆರೋಗ್ಯ ಕೇಂದ್ರಕ್ಕೆ ಹೋಗುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಲ್ಲಿಗೆ ಹೋದರೆ ಒಂದು ದಿನದ ಕೆಲಸ ಹಾಳು.

ಆ ದಿನ ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ಮಕ್ಕಳು ಸೂರಿನ ಪಕ್ಕದಲ್ಲಿ ಇಟ್ಟಿಗೆ ಚೂರು ಜೋಡಿಸಿ ಮನೆ ಕಟ್ಟುತ್ತಿದ್ದರು. ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ, ಇನ್ನೂ ಹಾಲುಹಲ್ಲು ಬೀಳದವಳು, ಬಾಗಿಲಿಗೆಂದು ಒಂದು ಚೂರನ್ನು ಎತ್ತಿದಳು. ಎತ್ತಿದವಳು ಕಿಟಾರನೆ ಕಿರುಚಿದಳು. ದೊಡ್ಡಮ್ಮ ಓಡಿ ಬರುವಷ್ಟರಲ್ಲಿ ಸಣ್ಣ ಕೆಂಪು ಚೇಳೊಂದು ಬಾಲ ಎತ್ತಿಕೊಂಡು ಸಂದಿಗೆ ಸರಿಯಿತು. ದೊಡ್ಡ ಕರಿ ಚೇಳಿಗಾದರೆ ಅವಳು ಒಂದಿಷ್ಟು ಹೆದರುತ್ತಿದ್ದಳು. ಇದು ಕಿರುಬೆರಳಿನಷ್ಟು ಇತ್ತು.

"ಇಷ್ಟೇನಾ! ಇದಕ್ಕೆಲ್ಲ ಅಳ್ತಾರಾ ನನ್ನ ಬಂಗಾರಿ? ಬಾ ಬಾ."

ಇಟ್ಟಿಗೆ ಬಂತು, ಬಟ್ಟೆ ಬಂತು. ಗುಬ್ಬಿಯ ಬೆರಳನ್ನು ಕಾವಿಗೆ ಒತ್ತಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ದೊಡ್ಡಮ್ಮ ನೀವತೊಡಗಿದಳು. ಅತ್ತು ಅತ್ತು ಮಗು ಒಮ್ಮೆ ಕಕ್ಕಿತು. ಅತ್ತ ಮಕ್ಕಳು ಕಕ್ಕುವುದು ಹೊಸದೇನಲ್ಲ. ಅವಳು ಬಾಯಿ ಒರೆಸಿದಳು. ಮೈ ಬೆವೆತಿತ್ತು. ಗೂಡಿನ ಪಕ್ಕದಲ್ಲಿ, ತಗಡಿನ ಕೆಳಗೆ, ನಡುಹಗಲಿನಲ್ಲಿ ಬೆವರದ ಜೀವ ಯಾವುದು? ಬೆವರನ್ನೂ ಒರೆಸಿದಳು. ಅಳು ಮೆಲ್ಲಗೆ ತಗ್ಗಿತು, ಬಿಕ್ಕಾಯಿತು, ನಿಂತಿತು. ದೊಡ್ಡಮ್ಮ ನಿಟ್ಟುಸಿರು ಬಿಟ್ಟು ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಬೆಚ್ಚಗಿನ ಇಟ್ಟಿಗೆಯನ್ನು ಕೈಯ ಪಕ್ಕದಲ್ಲೇ ಇರಿಸಿದಳು.

ಗುಬ್ಬಿಯ ತಾಯಿ ಕೂಗಳತೆಯ ದೂರದಲ್ಲಿ ಮಣ್ಣು ತುಂಬುತ್ತಿದ್ದಳು. ಅಚ್ಚು ಹಾಕುವುದರಲ್ಲಿ ಅವಳ ಕೈಗೆ ಸರಿಸಾಟಿಯಿಲ್ಲವೆಂದು ಎಲ್ಲರೂ ಅವಳಿಗೆ ಅಚ್ಚಮ್ಮ ಎಂದು ಹೆಸರಿಟ್ಟಿದ್ದರು. ಅವಳ ಗಂಡ ಗೂಡಿಗೆ ಸೌದೆ ತರಲು ದೂರ ಹೋಗಿದ್ದ. ಇನ್ನೊಬ್ಬ ಹೆಂಗಸು ಮಗುವಿನ ಅಳು ಕೇಳಿ ಇಣುಕಿ, "ಕರೀಲಾ ಅಚ್ಚಮ್ಮನ್ನ?" ಎಂದಾಗ ದೊಡ್ಡಮ್ಮ ಕೈಯಾಡಿಸಿದಳು.

"ಬೇಡ ಬೇಡ, ಮಣ್ಣು ಹದ ತಪ್ಪುತ್ತೆ. ನೋಡು, ಮಲಗೇಬಿಟ್ಳು. ಊಟಕ್ಕೆ ಹೇಗೂ ಬರ್ತಾಳಲ್ಲ."

ಅಂದು ಅಚ್ಚಮ್ಮ ಊಟಕ್ಕೆ ಬರಲಿಲ್ಲ. ಹದ ಬಂದ ಮಣ್ಣು ಮುಗಿಯುವವರೆಗೆ ಏಳುವುದಿಲ್ಲವೆಂದು ಅಲ್ಲಿಯೇ ನೀರು ಕುಡಿದು ಕೆಲಸ ಮುಂದುವರಿಸಿದ್ದಳು. ದೊಡ್ಡಮ್ಮ ಉಳಿದ ಮಕ್ಕಳಿಗೆ ಉಣಿಸಿದಳು, ತೊಳೆದಳು, ಗದರಿದಳು. ಗುಬ್ಬಿ ಮಲಗಿಯೇ ಇದ್ದಳು; ಆಗಾಗ ಬಿಸಿ ಇಟ್ಟಿಗೆ ಬದಲಿಸುವಾಗ ದೊಡ್ಡಮ್ಮನಿಗೆ ಆ ಕೈ ಬೆಚ್ಚಗೇ ತಾಗುತ್ತಿತ್ತು. ಬಿಸಿಲು ಓರೆಯಾಗಿ ಚಾಪೆಯ ತುದಿಗೆ ಬಿತ್ತು. ಮಗುವನ್ನು ನೆರಳಿಗೆ ಎಳೆಯೋಣವೆಂದು ದೊಡ್ಡಮ್ಮ ಬಗ್ಗಿ ಎರಡೂ ಪಾದಗಳನ್ನು ಹಿಡಿದಳು.

ಪಾದಗಳು ತಣ್ಣಗಿದ್ದವು.

ಬಿಸಿಲು ಬಿದ್ದ ಪಾದಗಳು, ಮಡಕೆಯ ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗಿದ್ದವು. ಅವಳು ಇಟ್ಟಿಗೆಯ ಪಕ್ಕದಲ್ಲಿದ್ದ ಕೈಯನ್ನು ಮುಟ್ಟಿದಳು: ಬೆಚ್ಚಗಿತ್ತು. ಇನ್ನೊಂದು ಕೈಯನ್ನು ಮುಟ್ಟಿದಳು: ತಣ್ಣಗಿತ್ತು. ಅಷ್ಟು ಹೊತ್ತೂ ತನ್ನ ಕೈಗೆ ತಾಗುತ್ತಿದ್ದದ್ದು ಮಗುವಿನ ಬಿಸಿಯಲ್ಲ, ಇಟ್ಟಿಗೆಯ ಬಿಸಿ. ಕೂದಲು ತಲೆಗೆ ಸ್ನಾನ ಮಾಡಿಸಿದಂತೆ ತೊಯ್ದು ನೆತ್ತಿಗೆ ಅಂಟಿತ್ತು. "ಗುಬ್ಬೀ" ಎಂದಳು. ಮಗು ಕಣ್ಣು ತೆರೆಯಿತು. ಅಳಲಿಲ್ಲ, ಮಾತಾಡಲಿಲ್ಲ, ಬೇಗಬೇಗ ಉಸಿರಾಡುತ್ತಿತ್ತು.

ಈ ತಂಪನ್ನು ದೊಡ್ಡಮ್ಮನ ಅಂಗೈ ಒಮ್ಮೆ ಮುಟ್ಟಿ ಬಲ್ಲದು. ಹಿಂದೊಂದು ವರ್ಷ ಇದೇ ಅಚ್ಚಮ್ಮನ ಚೊಚ್ಚಲ ಮಗನಿಗೆ ಸಂಜೆಯ ಹೊತ್ತು ಚೇಳು ಕುಟುಕಿತ್ತು. ಇದೇ ರೀತಿ ಕಾವು ಕೊಟ್ಟಿದ್ದಳು, ಇದೇ ರೀತಿ ಮಗು ಸುಮ್ಮನಾಗಿತ್ತು. ಬೆಳಗಾಗುವ ಮುಂಚೆ ಉಸಿರು ಕಟ್ಟಿ ಹೋಗಿಬಿಟ್ಟಿತು. ಎದೆಗೆ ಶೀತ ಹಿಡಿದಿತ್ತು ಎಂದರು ಎಲ್ಲರೂ. ಚೇಳನ್ನು ಯಾರೂ ನೆನೆಯಲಿಲ್ಲ. ಅದರ ನೋವು ಆಗಲೇ ಇಳಿದುಹೋಗಿತ್ತಲ್ಲ!

ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಕತ್ತು ನೋಯುವುದನ್ನು ಮರೆತು ಕೂಗಿದಳು:

"ಅಚ್ಚಮ್ಮಾ! ಮಣ್ಣು ಬಿಡೇ! ಬಿಟ್ಟು ಬಾರೇ!"

ಇಡೀ ಗೂಡು ತಲೆಯೆತ್ತಿ ನೋಡಿತು. ದೊಡ್ಡಮ್ಮನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ.

ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಹಿಂದಿನ ಟ್ರೇಲರಿನ ತುಂಬ ಇಟ್ಟಿಗೆ. ಚಾಲಕನನ್ನು ಸೈಲೆನ್ಸರ್ ಎಂದು ಕರೆಯುತ್ತಿದ್ದರು. ಎಂಜಿನ್ ನಿಂತರೂ ಅವನ ಬಾಯಿ ನಿಲ್ಲದು ಎಂಬ ಕಾರಣಕ್ಕೆ.

"ಏನಾಯ್ತು ದೊಡ್ಡಮ್ಮ, ನಿನ್ನ ಇಟ್ಟಿಗೆ ಆರಿಹೋಯ್ತಾ?" ಎಂದು ಅವನು ನಗುತ್ತಲೇ ಕೇಳಿದ. ಹತ್ತಿರ ಬಂದು ಮಗುವಿನ ಮುಖ ನೋಡಿದವನು ಕೂಡಲೇ ಟ್ರೇಲರಿನ ಕೊಂಡಿಗೆ ಕೈ ಹಾಕಿದ. ಹೊರೆಯ ಭಾರಕ್ಕೆ ಕೊಂಡಿಯ ಪಿನ್ನು ಬಿಗಿದುಕೊಂಡಿತ್ತು. ಇಟ್ಟಿಗೆ ಚೂರಿನಿಂದ ಬಡಿದ, ಚೂರು ಪುಡಿಯಾಯಿತು. ಇನ್ನೊಂದು, ಮತ್ತೊಂದು. ಮೊಣಕಾಲವರೆಗೆ ಮಣ್ಣು ಮೆತ್ತಿದ ಅಚ್ಚಮ್ಮ ಓಡಿ ಬಂದಳು.

"ಏನಾಗಿದೆ ನನ್ನ ಮಗೂಗೆ?"

"ಚೇಳು" ಎಂದಳು ದೊಡ್ಡಮ್ಮ. ಯಾವಾಗ ಎಂದು ಹೇಳಲು ನಾಲಗೆ ಏಳಲಿಲ್ಲ.

"ಚೇಳು ತಾನೇ? ನೀನಿದ್ದೀಯಲ್ಲ ದೊಡ್ಡಮ್ಮ, ನೀನು ಯಾಕೆ ನಡುಗ್ತಿದ್ದೀ?"

ಪಿನ್ನು ಠಣ್ಣೆಂದು ಹಾರಿ ಬಿತ್ತು. ಟ್ರೇಲರ್ ಮುಂದಕ್ಕೆ ಕುಸಿದು, ಇಟ್ಟಿಗೆಗಳು ಒಂದರ ಮೇಲೊಂದು ಧಡಧಡ ಉರುಳಿದವು. ಯಾರೂ ಹಿಂದಿರುಗಿ ನೋಡಲಿಲ್ಲ.

ಹೊರೆಯಿಲ್ಲದ ಟ್ರ್ಯಾಕ್ಟರ್ ಹಳ್ಳ ದಿಣ್ಣೆಗಳ ಮೇಲೆ ಚೆಂಡಿನಂತೆ ಪುಟಿಯಿತು. ಚಕ್ರದ ಮೇಲಿನ ತಗಡಿಗೆ ಆತುಕೊಂಡು ದೊಡ್ಡಮ್ಮ ಒಂದು ಕಡೆ, ಅಚ್ಚಮ್ಮ ಇನ್ನೊಂದು ಕಡೆ. ಮಗು ತಾಯಿಯ ಮಡಿಲಲ್ಲಿ. ಸೈಲೆನ್ಸರ್ ಬಾಯಿ ಬಿಡಲಿಲ್ಲ. ಅವನು ಸುಮ್ಮನಿದ್ದದ್ದಕ್ಕೇ ದೊಡ್ಡಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಅವಳು ಕೈ ಚಾಚಿ ಗುಬ್ಬಿಯ ಪಾದವನ್ನು ಹಿಡಿದುಕೊಂಡೇ ಇದ್ದಳು. ಎಷ್ಟು ಉಜ್ಜಿದರೂ ಅದು ಬೆಚ್ಚಗಾಗಲಿಲ್ಲ. ದಾರಿಯಲ್ಲಿ ಮಗು ಒಮ್ಮೆ ಕೆಮ್ಮಿತು. ಒದ್ದೆ ಕೆಮ್ಮು.

ಆರೋಗ್ಯ ಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ ಫಿನಾಯಿಲಿನ ವಾಸನೆ. ನರ್ಸ್ ಮಗುವನ್ನು ನೋಡಿದೊಡನೆ ಒಳಗಿನ ಹಾಸಿಗೆಗೆ ಕರೆದೊಯ್ದಳು. ಡಾಕ್ಟರಮ್ಮ ಬಂದು ಪುಟ್ಟ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿ ಆಲಿಸಿದರು.

"ಕುಟುಕಿ ಎಷ್ಟು ಹೊತ್ತಾಯ್ತು?"

"ಈಗ ತಾನೇ" ಎಂದಳು ಅಚ್ಚಮ್ಮ. "ಕುಟುಕಿದ ತಕ್ಷಣ ಕರ್ಕೊಂಡು ಬಂದ್ವಿ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಈಗ ತಾನೇ ಅಂದ್ರೆ ಇಷ್ಟು ಬೇಗ ಎದೆಗೆ ಇಳಿಯೋಕೆ... ಸರಿಯಾಗಿ ಹೇಳಿ. ಅದರ ಮೇಲೇ ಮುಂದಿನ ಔಷಧ ನಿಂತಿರೋದು."

ತಾಯಿಗೆ ಗೊತ್ತಿಲ್ಲ, ಸೂರಿನಡಿ ಇಣುಕಿದ ಹೆಂಗಸು ಇಲ್ಲಿಲ್ಲ. ಸುಮ್ಮನಿದ್ದರೆ ದೊಡ್ಡಮ್ಮನ ಹೆಸರಿಗೆ ಏನೂ ಆಗುವುದಿಲ್ಲ.

"ಇಲ್ಲ ಡಾಕ್ಟರಮ್ಮ" ಎಂದಳು ಅವಳು, ಗೋಡೆಯ ಕಡೆ ನೋಡುತ್ತ. "ಊಟಕ್ಕೂ ಮುಂಚೆ ಕುಟುಕ್ತು. ಒಂದ್ಸಲ ಕಕ್ಕಿದಳು. ನಾನು ಕಾವು ಕೊಟ್ಟೆ. ಅಳು ನಿಲ್ತು ಅಂತ ಮಲಗಿಸಿದೆ. ಇವಳನ್ನ ಕರೀಲಿಲ್ಲ. ನಾನೇ ಕರೀಬೇಡ ಅಂದೆ."

ಅಚ್ಚಮ್ಮ ಅವಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟು ಇನ್ನೂ ಹುಟ್ಟಿರಲಿಲ್ಲ. ಕೇಳಿದ್ದು ಕಿವಿಗೆ ಬಿದ್ದು ಮನಸ್ಸಿಗೆ ಇಳಿದಿರಲಿಲ್ಲ.

ಡಾಕ್ಟರಮ್ಮನಿಗೆ ಬೈಯಲೂ ಹೊತ್ತಿರಲಿಲ್ಲ. "ಸಿಸ್ಟರ್, ಆಕ್ಸಿಜನ್ ಹಚ್ಚಿ. ಮಾತ್ರೆ ಪುಡಿ ಮಾಡಿ ನೀರಲ್ಲಿ ಕೊಡಿ, ಕೆಲವು ಗಂಟೆಗೊಮ್ಮೆ ಮತ್ತೆ ಕೊಡ್ಬೇಕಾಗುತ್ತೆ. ಸೂಜಿಯೂ ತಯಾರಿರಲಿ. ಮಗೂನ ಎತ್ತಿ ಓಡಾಡಬೇಡಿ ಯಾರೂ."

ನರ್ಸ್ ಕಪಾಟು ತೆರೆದು ತಡಕಾಡಿದಳು. ಮೇಲಿನ ಅರೆ, ಕೆಳಗಿನ ಅರೆ, ಪಕ್ಕದ ಡಬ್ಬಿ. ಕೊನೆಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯೊಂದು ಸಿಕ್ಕಿತು.

"ಡಾಕ್ಟ್ರೇ, ಈಗಿನದಕ್ಕೆ, ಇನ್ನೊಂದು ಸಲಕ್ಕೆ ಆಗುತ್ತೆ. ಅಷ್ಟೇ ಇರೋದು."

"ಯಾಕೆ ತರಿಸಿಲ್ಲ?"

"ಕೇಳಿದ್ವಿ. ನಿಮ್ಮ ಕಡೆ ಚೇಳಿನ ಕೇಸೇ ಇಲ್ವಲ್ಲ, ನಿಮಗ್ಯಾಕೆ ಅಂದ್ರು. ಇಲ್ದೇ ಇರೋದೂ ನಿಜ. ಆ ಗೂಡಿನ ಕಡೆಯಿಂದ ಚೇಳು ಕುಟುಕ್ತು ಅಂತ ನಾನು ಬಂದಾಗಿನಿಂದ ಒಬ್ಬರೂ ಬಂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಸೈಲೆನ್ಸರ್‌ಗೆ ತಡೆಯಲಾಗಲಿಲ್ಲ. "ಚೇಳಿಲ್ವಾ? ಅಲ್ಲಿ ಇಟ್ಟಿಗೆಗಿಂತ ಚೇಳೇ ಜಾಸ್ತಿ ಮೇಡಂ! ನನ್ನ ಕಾಲಿಗೇ ಎಷ್ಟು ಸಲ..." ಎಂದವನು ಹಠಾತ್ತನೆ ನಿಲ್ಲಿಸಿ ದೊಡ್ಡಮ್ಮನ ಕಡೆ ನೋಡಿದ. ಅಷ್ಟು ಸಲವೂ ಅವನು ಹೋದದ್ದು ಅವಳ ಬಳಿಗೆ.

"ಪೇಟೆ ಆಸ್ಪತ್ರೆಗೆ ಫೋನ್ ಮಾಡ್ತೀನಿ, ನೀವು ಹೋಗಿ ತನ್ನಿ" ಎಂದು ಡಾಕ್ಟರಮ್ಮ ಚೀಟಿ ಕೊಟ್ಟರು. "ಆಂಬುಲೆನ್ಸ್ ಬೇರೆ ಕಡೆ ಹೋಗಿದೆ. ಈ ಸ್ಥಿತೀಲಿ ಮಗೂನ ಆ ರಸ್ತೇಲಿ ಕುಲುಕಿಸೋದೂ ಒಳ್ಳೇದಲ್ಲ. ಮೂರನೇ ಸಲದ ಹೊತ್ತಿಗೆ ನೀವು ಇಲ್ಲಿರ್ಬೇಕು." ಟ್ರ್ಯಾಕ್ಟರಿನ ಸದ್ದು ದೂರವಾಯಿತು.

ಆಮೇಲಿನದು ಬರೀ ಕಾಯುವುದು. ಗುಬ್ಬಿಯ ಮೂಗಿನ ಮೇಲೆ ಮುಖಕ್ಕಿಂತ ದೊಡ್ಡದಾದ ಮುಖವಾಡ. ಪಕ್ಕೆಲುಬು ಪ್ರತಿ ಉಸಿರಿಗೂ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನರ್ಸ್ ಕೂತಲ್ಲಿಂದ ಎದ್ದೆದ್ದು ಬಂದು ತೋಳಿಗೆ ಪಟ್ಟಿ ಬಿಗಿದು ನೋಡುತ್ತಿದ್ದಳು. ಅಚ್ಚಮ್ಮನ ಕಾಲಿನ ಮಣ್ಣು ಒಣಗಿ ನೆಲದ ಮೇಲೆ ಹೊಪ್ಪಳೆಯಾಗಿ ಉದುರುತ್ತಿತ್ತು. ಅವಳು ದೊಡ್ಡಮ್ಮನಿಗೆ ಬೆನ್ನು ಹಾಕಿ ಕೂತಿದ್ದಳು. ನೀರು ತರುತ್ತೇನೆಂದು ಎದ್ದು ಹೋದಳು.

ದೊಡ್ಡಮ್ಮ ಡಾಕ್ಟರಮ್ಮನ ಹತ್ತಿರ ಸರಿದಳು. ಕೇಳದೆ ಇರಬಹುದಿತ್ತು. ಆದರೂ ಕೇಳಿದಳು.

"ಡಾಕ್ಟರಮ್ಮ, ಒಂದು ಮಗು... ಸಂಜೆ ಚೇಳು ಕುಟುಕಿತ್ತು. ನೋವು ಇಳೀತು, ಮಲಗ್ತು. ಬೆಳಗಿನ ಜಾವಕ್ಕೆ ಉಸಿರು ಗೊರಗೊರ ಅಂತಿತ್ತು. ಬಾಯಲ್ಲಿ ನೊರೆ. ಅದು ಎದೆ ಶೀತ ಇರ್ಬಹುದಾ?"

"ಶೀತ ಅಲ್ಲಮ್ಮ" ಎಂದರು ಡಾಕ್ಟರಮ್ಮ ಮೆಲ್ಲಗೆ. "ಅದು ಚೇಳಿಂದೇ. ದೊಡ್ಡವರಿಗೆ ಸಾಮಾನ್ಯವಾಗಿ ಉರಿ ಅಷ್ಟೇ, ಅದು ತಾನಾಗಿ ಇಳಿಯುತ್ತೆ. ಚಿಕ್ಕ ಮಕ್ಕಳಿಗೆ ಹಾಗಲ್ಲ, ಆ ವಿಷ ಹೃದಯವನ್ನ ಹಿಂಡಿಬಿಡುತ್ತೆ. ಎಲ್ಲಿ ನೋಡಿದ್ರಿ ಆ ಮಗೂನ?"

ದೊಡ್ಡಮ್ಮನ ಬೆನ್ನ ಹಿಂದೆ ಲೋಟ ನೆಲಕ್ಕೆ ಬಿದ್ದ ಸದ್ದಾಯಿತು. ಅಚ್ಚಮ್ಮ ಬಾಗಿಲ ಬಳಿ ನಿಂತಿದ್ದಳು.

ಅವಳು ಕೂಗಾಡಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ಅವನ ಕಾಲೂ ಹೀಗೇ ತಣ್ಣಗಿತ್ತಾ?"

"ಹೂಂ."

"ಗೊತ್ತಿತ್ತಾ ನಿನಗೆ?"

"ತಣ್ಣಗಿದೆ ಅಂತ ಗೊತ್ತಿತ್ತು. ಯಾಕೆ ಅಂತ ಗೊತ್ತಿರ್ಲಿಲ್ಲ. ಚಳಿ ಆಗ್ತಿದೆ ಅಂತ ಹೊದಿಸಿದೆ."

ಅಚ್ಚಮ್ಮ ತನಗೆ ತಾನೇ ಹೇಳಿಕೊಂಡಂತೆ ಅಂದಳು: "ಆ ಹೊದಿಕೆ ತಂದ್ಕೊಟ್ಟಿದ್ದು ನಾನೇ."

ಇಬ್ಬರೂ ಹಾಸಿಗೆಯ ಆಚೆ ಈಚೆ ಕೂತರು. ಎರಡನೆಯ ಸಲದ ಮಾತ್ರೆಯೂ ಆಯಿತು. ಕಿಟಕಿಯ ಬೆಳಕು ಹಳದಿಯಾಗಿ ಕೆಂಪಾಯಿತು. ಮಾತ್ರೆಯ ಪಟ್ಟಿ ಖಾಲಿ; ರಸ್ತೆಯಲ್ಲಿ ಪ್ರತಿಯೊಂದು ಎಂಜಿನ್ ಸದ್ದಿಗೂ ನರ್ಸ್ ಕಿಟಕಿಗೆ ಹೋಗಿ ಬರುತ್ತಿದ್ದಳು. ಒಂದು ಲಾರಿ ಹೋಯಿತು. ಒಂದು ಬೈಕು ಹೋಯಿತು. ಕತ್ತಲು ಮುಸುಕುವ ಹೊತ್ತಿಗೆ ಸೈಲೆನ್ಸರ್ ದೂಳಿನ ಮುಖ ಹೊತ್ತು ಒಳಗೆ ನುಗ್ಗಿ, ಔಷಧದ ಪೊಟ್ಟಣವನ್ನು ನರ್ಸಿನ ಕೈಗೆ ತುರುಕಿ, ಅಲ್ಲಿಯೇ ಗೋಡೆಗೊರಗಿ ಕುಸಿದ. "ಟೈರು ಒಂದು ಹೋಯ್ತು. ಹಾಗೇ ಓಡಿಸ್ಕೊಂಡು ಬಂದೆ" ಎಂದನಷ್ಟೆ.

ಮೂರನೆಯ ಸಲದ ಔಷಧ ಒಳಗೆ ಹೋಗಿ ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಗುಬ್ಬಿ ಹೊರಳಿದಳು. ಮುಖವಾಡವನ್ನು ಕಿತ್ತೆಸೆಯಲು ನೋಡಿದಳು. ಮುಖ ಕಿವುಚಿ, ಬಾಯಿ ಅಗಲಿಸಿ, ಕೇಂದ್ರದ ಚಾವಣಿ ಹಾರಿಹೋಗುವಂತೆ ಅಳಲು ಶುರುಮಾಡಿದಳು.

"ಬೆರಳು ಉರೀ... ಅಮ್ಮಾ, ಬೆರಳು ಉರೀ..."

ಅಚ್ಚಮ್ಮ ಗಾಬರಿಯಿಂದ ಎದ್ದಳು. ಡಾಕ್ಟರಮ್ಮ ಮಗುವಿನ ಪಾದ ಮುಟ್ಟಿ ನೋಡಿ ಮೊಟ್ಟಮೊದಲ ಬಾರಿಗೆ ನಕ್ಕರು. "ಅಳಲಿ ಬಿಡಿ. ವಿಷದ ಹಿಡಿತ ಸಡಿಲಿದಾಗಲೇ ನೋವು ವಾಪಸ್ ಬರೋದು. ಕಾಲು ಬೆಚ್ಚಗಾಗ್ತಿದೆ. ರಾತ್ರಿ ಇಲ್ಲೇ ಇಟ್ಕೊಂಡು ನೋಡ್ತೀವಿ."

ದೊಡ್ಡಮ್ಮನ ಕೈ ಅಭ್ಯಾಸಬಲದಿಂದ ಆ ಬೆರಳಿನ ಕಡೆಗೆ ಹೋಯಿತು. ಅಚ್ಚಮ್ಮ ಅದನ್ನು ತಡೆದಳು. ಒರಟಾಗಿಯೇನೂ ಅಲ್ಲ, ತಡೆದಳು ಅಷ್ಟೇ. ದೊಡ್ಡಮ್ಮ ಪಡಸಾಲೆಗೆ ಹೋಗಿ ಬೆಂಚಿನ ಮೇಲೆ ಕೂತು, ಒಳಗಿನಿಂದ ಬರುತ್ತಿದ್ದ ಅಳುವನ್ನು ಕೇಳುತ್ತ, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ತಾನೂ ಅತ್ತಳು.

ಮಗು ಗೂಡಿಗೆ ಮರಳಿದ ಮೇಲೆ ಅಚ್ಚಮ್ಮ ಅವಳನ್ನು ಸೂರಿನಡಿ ಬಿಡಲಿಲ್ಲ. ಮಣ್ಣಿನ ಗುಂಡಿಯ ಪಕ್ಕದಲ್ಲೇ ಕೂರಿಸಿಕೊಂಡಳು. ದೊಡ್ಡಮ್ಮನ ಕಡೆ ನೋಡುತ್ತಲೂ ಇರಲಿಲ್ಲ. ದೊಡ್ಡಮ್ಮ ಯಾರ ಬಳಿಯೂ ಅದನ್ನು ಹೇಳಿಕೊಳ್ಳಲಿಲ್ಲ. ಚೇಳು ಕುಟುಕಿದವರು ಬಂದರೆ ಮಾತ್ರ ಹಟ ಹಿಡಿಯುತ್ತಿದ್ದಳು. ದೊಡ್ಡವರು ಗೊಣಗಿದರು. "ನನಗೇನಾಗಿದೆ ಅಂತ ಆಸ್ಪತ್ರೆ? ಒಂದು ಇಟ್ಟಿಗೆ ಇಡು ಸಾಕು." "ನಿನಗೇನೂ ಆಗಲ್ಲ, ನೀನು ಕೋಣ. ಆದ್ರೂ ಹೋಗಿ ಮುಖ ತೋರಿಸಿ ಬಾ. ಈ ಗೂಡಲ್ಲಿ ಚೇಳಿದೆ ಅಂತ ಅವರಿಗೆ ಗೊತ್ತಾಗ್ಲಿ, ಔಷಧ ತರಿಸಿಡ್ಲಿ." ಕೆಲವರು ಹೋದರು, ಕೆಲವರು ಹೋಗಲಿಲ್ಲ. ಮಾಲೀಕನೂ ಒಂದು ದಿನ ಬಂದು, "ಏನು ದೊಡ್ಡಮ್ಮ, ನನ್ನ ಆಳುಗಳನ್ನೆಲ್ಲ ಆಸ್ಪತ್ರೆಗೆ ಓಡಿಸ್ತಿದ್ದೀಯಂತೆ?" ಎಂದು ಮುಖ ಗಂಟಿಕ್ಕಿಕೊಂಡು ಹೋದ.

ಮಳೆಗಾಲ ಮುಗಿದು ಮತ್ತೆ ಗೂಡು ಹಚ್ಚುವ ಕಾಲಕ್ಕೆ ಹೊಸ ಸಂಸಾರಗಳು ಬಂದಿಳಿದವು. ಒಬ್ಬ ಎಳೆಯ ತಾಯಿ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಅಚ್ಚಮ್ಮನ ಪಕ್ಕದಲ್ಲಿ ಮಣ್ಣಿಗೆ ಇಳಿಯುತ್ತ ಕೇಳಿದಳು:

"ಇಲ್ಲಿ ಚೇಳು ಜಾಸ್ತಿ ಅಂತಾರಲ್ಲ ಅಕ್ಕ, ಮಕ್ಕಳನ್ನ ಎಲ್ಲಿ ಬಿಡೋದು?"

ದೊಡ್ಡಮ್ಮ ಸೂರಿನಡಿ ಚಾಪೆ ಕೊಡವುತ್ತಿದ್ದಳು. ಆ ಪ್ರಶ್ನೆ ಕಿವಿಗೆ ಬಿದ್ದು ಅವಳ ಕೈ ನಿಂತಿತು.

ಅಚ್ಚಮ್ಮ ತಲೆಯೆತ್ತಲಿಲ್ಲ. ಅಚ್ಚಿಗೆ ಮಣ್ಣು ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಮಗುಚಿದಳು.

"ಅಲ್ಲಿ, ದೊಡ್ಡಮ್ಮನ ಹತ್ರ ಬಿಡು" ಎಂದಳು. "ಏನಾದ್ರೂ ಆದ್ರೆ ಅವಳು ಕೂಗ್ತಾಳೆ. ಕೂಗಿದಾಗ ಮಾತ್ರ ಮಣ್ಣಿನ ಮುಖ ನೋಡ್ಬೇಡ, ಎದ್ದು ಓಡು."